ಬಿಳಿಯ ರಕ್ತಕಣಗಳ ಮೇಲ್ಮೈ: ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಸಾಕ್ಷ್ಯದ ವಿಮರ್ಶೆ

ನಮ್ಮ ದೇಶದ ವೈದ್ಯವಿದ್ಯಾರ್ಥಿಗಳು ಸೂಕ್ಷ್ಮಜೀವಿಶಾಸ್ತ್ರವನ್ನು ಕಲಿಯುವ ಗ್ರಂಥಗಳಲ್ಲಿ ಅನಂತನಾರಾಯಣನ್ ಮತ್ತು ಜಯರಾಮ ಪಣಿಕ್ಕರ್ ಎಂಬ ಇಬ್ಬರು ಆಚಾರ್ಯರು ರಚಿಸಿ ೧೯೭೮ರಲ್ಲಿ ಮೊದಲು ಪ್ರಕಟಿಸಿದ ಇಂಗ್ಲಿಷ್ ಗ್ರಂಥವು ಬಹು ಪ್ರಸಿದ್ಧವಾದುದು. ಕರ್ನಾಟಕದಲ್ಲಿ ವೈದ್ಯರಾದವರ ಪೈಕಿ ಅದನ್ನು ತಿರುವಿಹಾಕದೆ ಪರೀಕ್ಷೆಗೆ ಕುಳಿತವರು ವಿರಳ. ಅದರ ರೋಗನಿರೋಧ ಪ್ರಕರಣದಲ್ಲಿ, ಹಲವು ಮುದ್ರಣಗಳಲ್ಲಿ, ಒಂದು ಪಟ್ಟಿಯುಂಟು. ರಕ್ತದಲ್ಲಿರುವ ಬಿಳಿಯ ಕಣಗಳ ಒಂದು ಜಾತಿಯಾದ ಲಿಂಫೋಸೈಟುಗಳಲ್ಲಿ ಟಿ ಎಂದೂ ಬಿ ಎಂದೂ ಎರಡು ಪಂಗಡಗಳಿವೆಯಷ್ಟೆ. ಅವೆರಡಕ್ಕೂ ಇರುವ ಭೇದಗಳನ್ನು ಆ ಪಟ್ಟಿಯು ಸಾಲುಸಾಲಾಗಿ ಹೇಳುತ್ತದೆ. ಅದರಲ್ಲಿ ಮೈಮೇಲಿನ ಮೈಕ್ರೋವಿಲ್ಲೈಗಳನ್ನು ಕುರಿತು ಒಂದು ಸಾಲು. ಬಿ-ಕಣಕ್ಕೆ ಅವು ಹೇರಳವಾಗಿ ಉಂಟೆಂದು ಒಂದು ಚಿಹ್ನೆ, ಟಿ-ಕಣಕ್ಕೆ ಇಲ್ಲವೆಂದು ಇನ್ನೊಂದು ಚಿಹ್ನೆ.

ವಿಜಯನಗರದಲ್ಲಿ ನಮ್ಮ ನೆರೆಮನೆಯ ಹುಡುಗನೊಬ್ಬನು ಕೆಂಗೇರಿಯ ಕಡೆಯ ಕಾಲೇಜೊಂದರಲ್ಲಿ ವೈದ್ಯವಿದ್ಯೆಯನ್ನು ಓದುತ್ತಿದ್ದಾನೆ. ಅವನು ಒಂದು ಸಂಜೆ ಈ ಪಟ್ಟಿಯನ್ನೂ, ಇತ್ತೀಚಿನ ಸಂಶೋಧನ ಲೇಖನವೊಂದರ ಚಿತ್ರವನ್ನೂ ಹಿಡಿದುಕೊಂಡು ಬಂದನು. ಚಿತ್ರದಲ್ಲಿದ್ದುದು ಟಿ-ಕಣವೇ, ಅದರ ಮೈತುಂಬ ಹಲಸಿನ ಹಣ್ಣಿನ ಮುಳ್ಳುಗಳಂತೆ ಚಾಚುಗಳು. "ಮೇಷ್ಟ್ರೇ, ಸುಳ್ಳು ಹೇಳುತ್ತಿರುವುದು ಪಟ್ಟಿಯೋ ಚಿತ್ರವೋ?" ಎಂದು ಅವನ ಪ್ರಶ್ನೆ. ಉತ್ತರವನ್ನು ಒಂದು ಮಾತಿನಲ್ಲಿ ಹೇಳಬಹುದಾಗಿತ್ತು. ಆದರೆ ಆ ಒಂದು ಸಾಲು ಎಲ್ಲಿಂದ ಹುಟ್ಟಿತು, ಯಾವ ಸಾಕ್ಷ್ಯದ ಮೇಲೆ ನಿಂತಿತು, ಆ ಸಾಕ್ಷ್ಯವು ಬಿದ್ದಮೇಲೂ ಅದು ಹೇಗೆ ಉಳಿಯಿತು ಎಂಬುದನ್ನು ವಿಚಾರಿಸುತ್ತ ಹೋದಂತೆ, ಶಾಸನಗಳನ್ನೂ ಓಲೆಗರಿಗಳನ್ನೂ ಪರಿಶೋಧಿಸುವವರಿಗೆ ಚಿರಪರಿಚಿತವಾದ ಒಂದು ರೋಗವೇ ಇಲ್ಲಿಯೂ ಕಂಡುಬಂದಿತು. ಆದುದರಿಂದ ಈ ಲೇಖನ.

ಮೊದಲು ಕಣದ ವಿಷಯವನ್ನು ಸ್ವಲ್ಪ ಹೇಳಬೇಕು. ರಾಜಾಜಿನಗರ, ಬಸವೇಶ್ವರನಗರಗಳ ಯಾವ ಬೀದಿಗೆ ಹೋದರೂ ರಕ್ತಪರೀಕ್ಷೆಯ ಅಂಗಡಿಯೊಂದಿರುತ್ತದೆ. ಜ್ವರ ಬಂದವರು ಅಲ್ಲಿ ಬೆರಳನ್ನೋ ತೋಳನ್ನೋ ಒಡ್ಡಿ ಟಿ.ಸಿ., ಡಿ.ಸಿ. ಎಂಬ ಲೆಕ್ಕವನ್ನು ತರುತ್ತಾರೆ. ಒಂದು ಘನ ಮಿಲಿಮೀಟರು ರಕ್ತದಲ್ಲಿ ಬಿಳಿಯ ಕಣಗಳು ಸುಮಾರು ೪,೦೦೦ದಿಂದ ೧೧,೦೦೦ದವರೆಗೆ ಇರುವುದು ಆರೋಗ್ಯ. ಅವುಗಳಲ್ಲಿ ನೂರಕ್ಕೆ ೨೦ರಿಂದ ೪೦ ಲಿಂಫೋಸೈಟುಗಳು. ಗಾಜಿನ ಮೇಲೆ ರಕ್ತವನ್ನು ತೆಳ್ಳಗೆ ಸವರಿ, ಲೀಷ್ಮನ್ ಬಣ್ಣವನ್ನು ಹಾಕಿ, ಸಾಧಾರಣ ಸೂಕ್ಷ್ಮದರ್ಶಕದಿಂದ ಎಣಿಸುವ ಕ್ರಮವು ನೂರು ವರ್ಷಗಳಿಗಿಂತ ಹಳೆಯದು. ಈಗ ಅನೇಕ ಕಡೆ ಯಂತ್ರವೇ ಎಣಿಸುವುದಾದರೂ ಸಂದೇಹ ಬಂದಾಗ ಗಾಜಿಗೇ ಮರಳುತ್ತಾರೆ. ಈ ಕ್ರಮದಲ್ಲಿ ಎಲ್ಲ ಲಿಂಫೋಸೈಟುಗಳೂ ಒಂದೇ ಬಗೆಯಾಗಿ ಕಾಣುತ್ತವೆ: ನೇರಳೆ ಬಣ್ಣದ ದುಂಡಗಿನ ಬೀಜ, ಸುತ್ತ ನೀಲಿಯ ತೆಳು ಅಂಚು. ಪ್ರತಿಕಾಯಗಳನ್ನು ತಯಾರಿಸುವ ಕೆಲಸ ಬಿ-ಕಣಗಳದು. ಸೋಂಕು ತಗುಲಿದ ಕೋಶಗಳನ್ನು ಕೊಲ್ಲುವುದು, ಇತರ ಕಣಗಳನ್ನು ಕೆಲಸಕ್ಕೆ ಎಬ್ಬಿಸುವುದು ಟಿ-ಕಣಗಳದು. ಇಷ್ಟು ಭಿನ್ನವಾದ ಕಸುಬಿನವರು ಒಂದೇ ಉಡುಪನ್ನು ತೊಟ್ಟಿರುವುದು ವಿಜ್ಞಾನಿಗಳಿಗೆ ಬಹುಕಾಲ ಕಸಿವಿಸಿಯನ್ನುಂಟುಮಾಡಿತ್ತು. ಉಡುಪನ್ನು ಇನ್ನೂ ಹತ್ತಿರದಿಂದ ನೋಡಿದರೆ ಭೇದವು ಕಂಡೀತೆಂಬ ಆಸೆ ಸಹಜವಾದುದೇ.

ಬೆಳಕಿನಿಂದ ನೋಡುವುದಕ್ಕೆ ಒಂದು ಮೇರೆಯುಂಟು. ಮಿಲಿಮೀಟರಿನ ಸಾವಿರದಲ್ಲೊಂದು ಭಾಗವಾದ ಮೈಕ್ರಾನನ್ನು ಅಳತೆಯಾಗಿಟ್ಟುಕೊಂಡರೆ, ಸಾಧಾರಣ ಸೂಕ್ಷ್ಮದರ್ಶಕವು ೦.೨ ಮೈಕ್ರಾನಿಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಬೇರೆಬೇರೆಯಾಗಿ ತೋರಿಸಲಾರದು. ಲಿಂಫೋಸೈಟಿನ ಮೈಮೇಲಿರುವ ಚಾಚುಗಳ ದಪ್ಪವೋ ೦.೧ ಮೈಕ್ರಾನಿನಷ್ಟು. ಇವುಗಳನ್ನೇ ಇಂಗ್ಲಿಷಿನಲ್ಲಿ ಮೈಕ್ರೋವಿಲ್ಲೈ ಎನ್ನುವುದು. ಕನ್ನಡದಲ್ಲಿ ಕೆಲವರು ಇವನ್ನು ರೋಮವೆಂದಿರುವುದುಂಟು. ಅದು ಯುಕ್ತವಲ್ಲವೆಂದು ನನ್ನ ಅಭಿಪ್ರಾಯ. ರೋಮವು ಒಮ್ಮೆ ಬೆಳೆದು ನಿಂತಿರುವ ವಸ್ತು. ಇವು ಪೊರೆಯೇ ಬೆರಳಿನಂತೆ ಹೊರಕ್ಕೆ ಚಾಚಿಕೊಂಡು, ಬೇಕಾದಾಗ ಒಳಕ್ಕೆ ಸೇರಿಕೊಳ್ಳುವಂಥವು. ಚಾಚುಬೆರಳು ಎಂದರೆ ಸಾಕು. ಹೆಸರಿನ ಈ ಚರ್ಚೆಯು ಕೇವಲ ಪದಚಪಲದಿಂದ ಬಂದುದಲ್ಲವೆಂಬುದು ಮುಂದೆ ತಿಳಿಯುವುದು.

ಬರ್ಲಿನ್ನಿನಲ್ಲಿ ೧೯೩೧ರಲ್ಲಿ ನಾಲ್ ಮತ್ತು ರುಸ್ಕ ಎಂಬವರು ಬೆಳಕಿಗೆ ಬದಲಾಗಿ ಎಲೆಕ್ಟ್ರಾನುಗಳ ಧಾರೆಯನ್ನು ಉಪಯೋಗಿಸುವ ಸೂಕ್ಷ್ಮದರ್ಶಕವನ್ನು ರಚಿಸಿದರು. ವಸ್ತುವಿನ ಮೇಲ್ಮೈಯನ್ನು ಆ ಧಾರೆಯಿಂದ ಗೆರೆಗೆರೆಯಾಗಿ ಸವರುತ್ತ ಹೋಗಿ, ಅಲ್ಲಿಂದ ಸಿಡಿದುಬರುವ ಎಲೆಕ್ಟ್ರಾನುಗಳಿಂದ ಚಿತ್ರವನ್ನು ಕಟ್ಟುವ ಯಂತ್ರವು ಮಾರಾಟಕ್ಕೆ ಬಂದುದು ೧೯೬೫ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್ ಇನ್‌ಸ್ಟ್ರುಮೆಂಟ್ ಕಂಪೆನಿಯಿಂದ. ಇದು ಕೊಡುವ ಚಿತ್ರದಲ್ಲಿ ಉಬ್ಬುತಗ್ಗುಗಳು ಕೈಯಿಂದ ಮುಟ್ಟಿದಷ್ಟು ಸ್ಪಷ್ಟ. ಚಿತ್ರವು ಮನಸ್ಸನ್ನು ಎಷ್ಟು ಬೇಗ ಒಪ್ಪಿಸಿಬಿಡುವುದೆಂದರೆ, ಅದು ಚಿತ್ರವೆಂಬುದೇ ಮರೆತುಹೋಗುತ್ತದೆ. ಇದೇ ಅದರ ಗುಣ, ಇದೇ ಅದರ ಅಪಾಯ.

ಏಕೆಂದರೆ ಈ ಯಂತ್ರದೊಳಗೆ ನಿರ್ವಾತವಿರಬೇಕು. ನೀರಿರುವ ವಸ್ತುವನ್ನು ಹಾಗೆಯೇ ಒಳಗಿಡುವಂತಿಲ್ಲ. ಕಣವಾದರೋ ಬಹುಪಾಲು ನೀರು. ಆದುದರಿಂದ ಮೊದಲು ಗ್ಲೂಟರಾಲ್ಡಿಹೈಡ್ ಎಂಬ ರಸಾಯನದಲ್ಲಿ ಅದನ್ನು ಇದ್ದ ಹಾಗೆಯೇ ಬಿಗಿಯಬೇಕು. ಬಳಿಕ ಆಲ್ಕಹಾಲಿನ ಪಾಕಗಳಲ್ಲಿ ಹಂತಹಂತವಾಗಿ ಅದ್ದಿ ನೀರನ್ನು ತೆಗೆಯಬೇಕು. ಗಾಳಿಯಲ್ಲಿ ಒಣಗಿಸಿದರೆ, ನೀರಿನಿಂದ ಎತ್ತಿದ ಕುಂಚದ ಕೂದಲುಗಳು ಒಂದಕ್ಕೊಂದು ಅಂಟಿಕೊಳ್ಳುವಂತೆ, ಚಾಚುಬೆರಳುಗಳೆಲ್ಲ ಮೈಗೆ ಅಂಟಿ ಕುಸಿಯುತ್ತವೆ. ಇದನ್ನು ತಪ್ಪಿಸಲು ಆ್ಯಂಡರ್ಸನ್ ಎಂಬವರು ೧೯೫೧ರಲ್ಲಿ ಒಂದು ಉಪಾಯವನ್ನು ತಂದರು. ಆಲ್ಕಹಾಲಿನ ಜಾಗದಲ್ಲಿ ದ್ರವರೂಪದ ಇಂಗಾಲದ ಡೈ ಆಕ್ಸೈಡನ್ನು ತುಂಬಿ, ೩೧ ಡಿಗ್ರಿ ಉಷ್ಣತೆಯನ್ನೂ ೭೩ ವಾಯುಭಾರವನ್ನೂ ದಾಟಿಸಿದರೆ ದ್ರವವೆಂಬ ಮತ್ತು ಅನಿಲವೆಂಬ ಭೇದವೇ ಅಳಿಯುವುದು. ಎಳೆಯುವ ನೀರಮೈ ಇಲ್ಲದುದರಿಂದ ಬೆರಳುಗಳು ನಿಂತಂತೆಯೇ ಒಣಗುವುವು. ಕಡೆಗೆ ಚಿನ್ನದ ಅತಿ ತೆಳುವಾದ ಲೇಪ. ಹೀಗೆ ಬಿಗಿದು, ಒಣಗಿಸಿ, ಚಿನ್ನವನ್ನು ಪೂಸಿದ ಶವವೇ ನಾವು ನೋಡುವ ಬಿಳಿಯ ಕಣ. ಇಷ್ಟಾದರೂ ಅದು ಕುಗ್ಗದೆ ಇರದು. ಒಣದ್ರಾಕ್ಷಿಯನ್ನು ನೋಡಿ ದ್ರಾಕ್ಷಿಯ ಮೈ ಸುಕ್ಕಾದುದೆಂದು ಯಾರೂ ಹೇಳುವುದಿಲ್ಲ. ಕಣದ ವಿಷಯದಲ್ಲಿ ನಮಗೆ ಹಸಿಯ ಹಣ್ಣಿನ ಪರಿಚಯವಿಲ್ಲದುದರಿಂದ ಹೇಳಿಬಿಡುತ್ತೇವೆ.

ಇನ್ನು ಪ್ರಕೃತ ವಿಷಯ. ೧೯೭೩ರಲ್ಲಿ ನ್ಯೂಯಾರ್ಕಿನ ಪೋಲಿಯಾಕ್ ಮತ್ತು ಅವರ ಸಂಗಡಿಗರು, ಅವರಲ್ಲಿ ಡಿ ಹಾರ್ವನ್, ಕುಂಕೆಲ್ ಮೊದಲಾದ ಹೆಸರಾಂತವರೂ ಇದ್ದರು, ಟಿ ಮತ್ತು ಬಿ ಕಣಗಳನ್ನು ಈ ಸೂಕ್ಷ್ಮದರ್ಶಕದಿಂದ ಗುರುತಿಸಬಹುದೆಂದು ಪ್ರಕಟಿಸಿದರು. ಬಿ-ಕಣದ ಮೈ ಚಾಚುಬೆರಳುಗಳಿಂದ ತುಂಬಿರುವುದು, ಟಿ-ಕಣದ ಮೈ ಹೆಚ್ಚುಕಡಮೆ ನುಣುಪು ಎಂಬುದು ಅವರ ಸಿದ್ಧಾಂತ. ಅವರು ಅಜಾಗರೂಕರಾಗಿರಲಿಲ್ಲ. ಥೈಮಸ್ ಗ್ರಂಥಿಯಿಂದ ತೆಗೆದ ಕಣಗಳು ನುಣುಪಾಗಿದ್ದುವು. ಥೈಮಸ್ಸು ಟಿ-ಕಣಗಳ ತವರು. ದೀರ್ಘಕಾಲಿಕ ಲಿಂಫೋಸೈಟ್ ಲ್ಯುಕೀಮಿಯವೆಂಬ ರೋಗದಲ್ಲಿ ಹೆಚ್ಚುವುದು ಸಾಮಾನ್ಯವಾಗಿ ಬಿ-ಕಣ. ಆ ರೋಗಿಗಳ ಕಣಗಳು ಒರಟಾಗಿದ್ದುವು. ಕುರಿಯ ಕೆಂಪುಕಣಗಳನ್ನು ತನ್ನ ಸುತ್ತ ಹೂವಿನ ಎಸಳುಗಳಂತೆ ಅಂಟಿಸಿಕೊಳ್ಳುವುದು ಮಾನವನ ಟಿ-ಕಣದ ಲಕ್ಷಣವೆಂದು ಆಗ ತಿಳಿದಿತ್ತು. ಹಾಗೆ ಅಂಟಿಸಿಕೊಂಡ ಕಣಗಳೂ ನುಣುಪಿನ ಪಂಗಡಕ್ಕೇ ಸೇರಿದುವು. ಮೂರು ದಿಕ್ಕಿನಿಂದ ಬಂದ ಸಾಕ್ಷಿಗಳು ಒಂದೇ ಮಾತನ್ನಾಡಿದಾಗ ಯಾವ ನ್ಯಾಯಾಧೀಶನು ತಾನೇ ಒಪ್ಪನು?

ಆದರೆ ಮೂರು ಸಾಕ್ಷಿಗಳೂ ಒಂದೇ ಬಾಗಿಲಿನಿಂದ ಒಳಕ್ಕೆ ಬಂದಿದ್ದರು. ಕಣಗಳನ್ನು ರಕ್ತದಿಂದ ಬೇರ್ಪಡಿಸಿ, ತೊಳೆದು, ಬೆಳ್ಳಿಯ ಸಣ್ಣ ರಂಧ್ರಗಳ ಹಾಳೆಯ ಮೇಲೆ ಕೂಡಿಸಿಕೊಂಡು ನೋಡುವುದು ಅವರ ವಿಧಾನವಾಗಿತ್ತು. ೧೯೭೫ರಲ್ಲಿ ಅಲೆಕ್ಸಾಂಡರ್ ಮತ್ತು ವೆಟ್ಸೆಲ್ ಎಂಬವರು ಈ ಕ್ರಮವನ್ನು ಬದಲಿಸಿ, ಕಣಗಳನ್ನು ದ್ರವದಲ್ಲಿ ತೇಲುತ್ತಿರುವಾಗಲೇ ಬಿಗಿದು ನೋಡಿದರು. ಟಿ-ಕಣಗಳೂ ಬಿ-ಕಣಗಳೂ ಒಂದೇ ತೆರನಾಗಿ ಚಾಚುಬೆರಳುಗಳಿಂದ ಮುಚ್ಚಿಕೊಂಡಿದ್ದುವು. ಮೈಯನ್ನು ನೋಡಿ ಇದು ಟಿ, ಇದು ಬಿ ಎಂದು ಹೇಳುವಂತಿರಲಿಲ್ಲ. ಮರುವರ್ಷ ಅಲೆಕ್ಸಾಂಡರ್, ಸ್ಯಾಂಡರ್ಸ್ ಮತ್ತು ಬ್ರೈಲಾನ್ ಅವರು, ಹಿಂದೆ ಹೇಳಿದ ಭೇದವು ತಯಾರಿಕೆಯ ಕ್ರಮದಿಂದ ಹುಟ್ಟಿದ ಕೃತಕವೆಂದು ಲೇಖನದ ಶಿರೋನಾಮೆಯಲ್ಲಿಯೇ ಸಾರಿದರು. ಸಿದ್ಧಾಂತದ ಆಯುಸ್ಸು ಹೀಗೆ ಮೂರು ವರ್ಷಗಳಾಯಿತು.

ಈ ಖಂಡನೆಯನ್ನು ನಾನು ಒಪ್ಪುತ್ತೇನೆ. ಆದರೆ ಖಂಡನೆ ಅಲ್ಲಿಗೇ ನಿಂತರೆ ಸಾಲದು. ಬೆಳ್ಳಿಯ ಹಾಳೆಯ ದೋಷವಿಲ್ಲದಿದ್ದರೂ ಪೋಲಿಯಾಕರ ತರ್ಕದಲ್ಲಿ ಎರಡು ಬಿರುಕುಗಳು ಉಳಿಯುತ್ತಿದ್ದುವು. ಥೈಮಸ್ಸಿನ ಕಣವು ಇನ್ನೂ ಬಲಿಯದ ಕಣ. ಲ್ಯುಕೀಮಿಯದ ಕಣವು ರೋಗಗ್ರಸ್ತವಾದ ಕಣ. ಮಗುವನ್ನೂ ರೋಗಿಯನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿ, ಇವರ ಭೇದವೇ ಎರಡು ಮನೆತನಗಳ ಭೇದವೆಂದು ಹೇಳಿದಂತಾಯಿತು. ಇನ್ನು ಕುರಿಯ ಕೆಂಪುಕಣಗಳ ಗುರುತು: ಹತ್ತಾರು ಕಣಗಳು ಬಂದು ಮೈಗೆ ಅಂಟಿದಮೇಲೆ ಆ ಮೈ ಮೊದಲಿನಂತೆಯೇ ಇರುವುದೆಂಬುದಕ್ಕೆ ಪ್ರಮಾಣವೇನು? ಗುರುತು ಹಾಕುವ ಕ್ರಿಯೆಯೇ ಗುರುತಿಸಬೇಕಾದ ವಸ್ತುವನ್ನು ಕೆಡಿಸುವ ಸಂದರ್ಭವಿದು.

ಪೋಲಿಯಾಕರ ಪರವಾಗಿಯೂ ಒಂದು ಮಾತನ್ನು ಹೇಳಬೇಕು. ಅವರು ನುಣುಪಾದ ಕಣಗಳನ್ನು ಕಂಡುದು ನಿಜ. ಒಂದೇ ವಿಧಾನದಲ್ಲಿ ಕೆಲವು ನುಣುಪಾಗಿಯೂ ಕೆಲವು ಒರಟಾಗಿಯೂ ಕಂಡುವೆಂದಮೇಲೆ, ಟಿ-ಕಣಗಳು ಆ ವಿಧಾನದ ಉಪದ್ರವಕ್ಕೆ ಬೇಗ ಬಾಗಿ ಬೆರಳುಗಳನ್ನು ಒಳಕ್ಕೆಳೆದುಕೊಂಡಿರಬಹುದೆಂದು ಊಹಿಸಲು ಎಡೆಯುಂಟು. ಹಾಗಿದ್ದ ಪಕ್ಷದಲ್ಲಿ ಅದೂ ಒಂದು ಭೇದವೇ. ಆದರೆ ರೂಪದ ಭೇದವಲ್ಲ, ಸ್ವಭಾವದ ಭೇದ. ಚಿತ್ರಕ್ಕೆ ಸ್ವಭಾವವನ್ನು ಬರೆದುಕೊಳ್ಳುವ ಶಕ್ತಿಯಿಲ್ಲ. ಪೋಲಿಯಾಕರು ೧೯೭೭ರಲ್ಲಿ ಆರೋಗ್ಯವಂತರ ಮತ್ತು ಲ್ಯುಕೀಮಿಯ ರೋಗಿಗಳ ಬಿಳಿಯ ಕಣಗಳ ಚಿತ್ರಸಂಪುಟವೊಂದನ್ನು ಹೊರತಂದರು. ಆ ಬಗೆಯ ಸಂಪುಟಗಳನ್ನು ತಿರುವಿಹಾಕುವವರು ಚಿತ್ರವನ್ನು ನೋಡಿ ಕೆಳಗಿನ ಸಣ್ಣಕ್ಷರವನ್ನು ಬಿಡುವುದೇ ಹೆಚ್ಚು. ಕಣವನ್ನು ಹೇಗೆ ಹಿಡಿದರು, ಹೇಗೆ ಬಿಗಿದರು ಎಂಬುದೆಲ್ಲ ಆ ಸಣ್ಣಕ್ಷರದಲ್ಲಿರುತ್ತದೆ.

ಇಂಥ ಪ್ರಮಾದವು ಒಂದೇ ಸಲ ಆಗಿ ಮುಗಿಯಲಿಲ್ಲ. ವಿಸ್ಕಾಟ್-ಆಲ್ಡ್ರಿಚ್ ಎಂಬ ವಂಶಪಾರಂಪರ್ಯದ ರೋಗವೊಂದುಂಟು. ಗಂಡುಮಕ್ಕಳಲ್ಲಿ ರಕ್ತಸ್ರಾವ, ಇಸುಬು, ಮರಳಿ ಮರಳಿ ಸೋಂಕು ಅದರ ಲಕ್ಷಣಗಳು. ೧೯೮೬ರಲ್ಲಿ ಕೆನಿ ಮತ್ತು ಸಂಗಡಿಗರು ಈ ಮಕ್ಕಳ ಲಿಂಫೋಸೈಟುಗಳ ಮೈ ಬೋಳಾಗಿರುವುದನ್ನು ಇದೇ ಸೂಕ್ಷ್ಮದರ್ಶಕದಿಂದ ಕಂಡು ಪ್ರಕಟಿಸಿದರು. ಆ ರೋಗದಲ್ಲಿ ಕೆಟ್ಟಿರುವ ಪ್ರೋಟೀನು, ಪೊರೆಯ ಒಳಗೆ ಆಧಾರವಾಗಿರುವ ಆಕ್ಟಿನ್ ಎಳೆಗಳ ಕೆಲಸದಲ್ಲಿ ಭಾಗಿಯೆಂದು ಮುಂದೆ ತಿಳಿದುಬಂದಾಗ ಎಲ್ಲವೂ ಚೆನ್ನಾಗಿ ಹೊಂದಿಕೊಂಡಂತೆ ತೋರಿತು. ೨೦೦೪ರಲ್ಲಿ ಮಜ್‌ಸ್ಟೊರಾವಿಚ್ ಮೊದಲಾದವರು ಪುನಃ ಪರೀಕ್ಷಿಸಿದರು. ಚಾಚುಬೆರಳುಗಳು ಆಕ್ಟಿನ್ನನ್ನು ಆಶ್ರಯಿಸಿರುವುದು ನಿಜ, ಆಕ್ಟಿನ್ನನ್ನು ಕದಡಿದರೆ ಅವು ಅಳಿಯುವುದೂ ನಿಜ. ಆದರೆ ಆ ಪ್ರೋಟೀನು ಇಲ್ಲದ ಕಣದಲ್ಲಿಯೂ ಅವು ಸರಿಯಾದ ರೂಪದಲ್ಲಿಯೇ ಇದ್ದುವು. ಮುಂದೆ ಬಂದ ಸಿದ್ಧಾಂತದೊಡನೆ ಹೊಂದಿಕೊಂಡಿತೆಂಬ ಮಾತ್ರಕ್ಕೆ ಹಿಂದಿನ ಚಿತ್ರವು ಪ್ರಮಾಣವಾಗಲಾರದು.

ಹಾಗಾದರೆ ಮೇಲ್ಮೈಯ ಅಭ್ಯಾಸವೇ ವ್ಯರ್ಥವೋ ಎಂದು ಕೇಳಿದರೆ, ಖಂಡಿತವಾಗಿಯೂ ಅಲ್ಲ. ಬೂರಾಂಕಲ್ ಎಂಬ ವಿದುಷಿಯು ೧೯೫೮ರಲ್ಲಿ ವರ್ಣಿಸಿದ, ಇಂದು ಕೂದಲ ಕಣದ ಲ್ಯುಕೀಮಿಯವೆಂದು ಹೆಸರಾದ ರೋಗದಲ್ಲಿ ಕಣದ ಅಂಚಿನ ಎಳೆಗಳು ಸಾಧಾರಣ ಸೂಕ್ಷ್ಮದರ್ಶಕಕ್ಕೇ ಕಾಣುತ್ತವೆ. ಎಲೆಕ್ಟ್ರಾನ್ ಚಿತ್ರವು ಅವನ್ನು ಇನ್ನೂ ವಿಶದವಾಗಿ ತೋರಿಸಿತು. ಇದಕ್ಕಿಂತಲೂ ಮುಖ್ಯವಾದುದು ೧೯೯೫ರಲ್ಲಿ ಫಾನ್ ಆಂಡ್ರಿಯಾನ್ ಮತ್ತು ಸಂಗಡಿಗರು ಮಾಡಿದ ಕೆಲಸ. ರಕ್ತದ ಪ್ರವಾಹದಲ್ಲಿ ಸಾಗುವ ಬಿಳಿಯ ಕಣವು ನಾಳದ ಗೋಡೆಯನ್ನು ಹಿಡಿದು ಉರುಳುತ್ತ ನಿಲ್ಲಬೇಕು. ಆಮೇಲೆಯೇ ಅದು ಸೋಂಕಿನ ಜಾಗಕ್ಕೆ ಇಳಿಯುವುದು. ಹಿಡಿಯುವ ಅಣುಗಳಲ್ಲಿ ಎಲ್-ಸೆಲೆಕ್ಟಿನ್ ಎಂಬುದು ಚಾಚುಬೆರಳಿನ ತುದಿಯಲ್ಲಿಯೇ ಇರುವುದನ್ನು ಚಿನ್ನದ ಕಣಗಳ ಗುರುತಿನಿಂದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ತೋರಿಸಿತು. ಅವರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಆ ಅಣುವು ಬೆರಳಿನ ತುದಿಯಲ್ಲಿರದೆ ಮೈಮೇಲೆಯೇ ಇರುವಂತೆ ಮಾರ್ಪಡಿಸಿ ನೋಡಿದರು. ಆಗ ಪ್ರವಾಹದಲ್ಲಿ ಹಿಡಿಯುವ ಶಕ್ತಿಯು ತಗ್ಗಿತು. ಇಲ್ಲಿ ಚಿತ್ರವು ಒಂದು ಪ್ರಶ್ನೆಯನ್ನು ಎತ್ತಿತು; ಉತ್ತರವನ್ನು ಕೊಟ್ಟುದು ಬೇರೊಂದು ಪರೀಕ್ಷೆ. ೧೯೭೩ರಲ್ಲಿ ಚಿತ್ರವೇ ಪ್ರಶ್ನೆಯೂ ಚಿತ್ರವೇ ಉತ್ತರವೂ ಆಗಿತ್ತು.

ಜೀವಂತ ಟಿ-ಕಣವನ್ನೇ ನೋಡುವ ಹೊಸ ಬೆಳಕಿನ ಯಂತ್ರಗಳು ಈಚೆಗೆ ಬಂದಿವೆ. ೨೦೧೭ರಲ್ಲಿ ಪ್ರಕಟವಾದ ಅಂಥದೊಂದು ಅಧ್ಯಯನದಲ್ಲಿ, ಟಿ-ಕಣದ ಚಾಚುಬೆರಳುಗಳು ಸದಾ ಸರಿಯುತ್ತ, ಎದುರಿಗಿರುವ ಕೋಶದ ಮೈಯ ಸುಮಾರು ನೂರಕ್ಕೆ ೯೮ ಭಾಗವನ್ನು ಒಂದು ನಿಮಿಷದಲ್ಲಿ ತಡವಿ ನೋಡುವುದನ್ನು ಕಂಡಿದ್ದಾರೆ. ಯಾವ ಕಣಕ್ಕೆ ಬೆರಳುಗಳೇ ಇಲ್ಲವೆಂದು ನಮ್ಮ ಪಟ್ಟಿಯು ಹೇಳಿತೋ, ಆ ಕಣವು ಶತ್ರುವನ್ನು ಹುಡುಕುವುದೇ ಆ ಬೆರಳುಗಳಿಂದ. ರೋಮವೆಂಬ ಹೆಸರನ್ನು ನಾನು ಬೇಡವೆಂದುದಕ್ಕೆ ಕಾರಣವೂ ಇದೇ.

ಈಗ ಪಟ್ಟಿಗೆ ಬರೋಣ. ಅದು ಅಚ್ಚಾದ ವರ್ಷ ೧೯೭೮. ಖಂಡನೆಯು ಪ್ರಕಟವಾದುದು ೧೯೭೫-೭೬. ಆ ಕಾಲದಲ್ಲಿ ವಿದೇಶದ ಪತ್ರಿಕೆಗಳು ನಮ್ಮಲ್ಲಿಗೆ ತಡವಾಗಿ ಬರುತ್ತಿದ್ದುವು. ಗ್ರಂಥಕರ್ತರನ್ನು ಮೊದಲ ಮುದ್ರಣಕ್ಕಾಗಿ ದೂಷಿಸುವುದು ಅನ್ಯಾಯ. ವಿಚಾರಿಸಬೇಕಾದುದು ಮುಂದಿನ ಮುದ್ರಣಗಳ ವಿಷಯ. ಓಲೆಗರಿಯ ಪ್ರತಿಗಳಲ್ಲಿ ಒಬ್ಬ ಲಿಪಿಕಾರನ ತಪ್ಪು ಅವನ ಶಿಷ್ಯರ ಪ್ರತಿಗಳಲ್ಲೆಲ್ಲ ಮರಳುವುದು. ಹತ್ತು ಪ್ರತಿಗಳಲ್ಲಿದೆಯೆಂಬ ಕಾರಣದಿಂದ ಆ ಪಾಠವು ಶುದ್ಧವಾಗದು, ಏಕೆಂದರೆ ಹತ್ತಕ್ಕೂ ಮೂಲವೊಂದೇ. ಪಟ್ಟಿಯೆಂಬ ರೂಪವು ಈ ರೋಗವನ್ನು ಇನ್ನೂ ಬೆಳೆಸುತ್ತದೆ. ಗದ್ಯದಲ್ಲಿ ಬರೆದಿದ್ದರೆ "ಕೆಲವರು ಹೀಗೆನ್ನುವರು" ಎಂಬ ಒಂದು ಮಾತಿಗಾದರೂ ಸ್ಥಳವಿರುತ್ತಿತ್ತು. ಉಂಟು, ಇಲ್ಲ ಎಂಬ ಎರಡೇ ಚಿಹ್ನೆಗಳಿರುವಲ್ಲಿ ಸಂದೇಹಕ್ಕೆ ಚಿಹ್ನೆಯಿಲ್ಲ. ಆ ಪಟ್ಟಿಯನ್ನು ನೋಡಿ ಬರೆದ ಟಿಪ್ಪಣಿಗಳು, ಟಿಪ್ಪಣಿಗಳನ್ನು ನೋಡಿ ಬರೆದ ಪ್ರಶ್ನೋತ್ತರಗಳು ಎಷ್ಟೆಂಬುದನ್ನು ಪುಸ್ತಕದಂಗಡಿಗಳಿಗೆ ಹೋದವರು ಬಲ್ಲರು.

ವಿಚಿತ್ರವೆಂದರೆ, ಈ ಸಾಲು ಅನಾವಶ್ಯಕವಾದುದೂ ಅದೇ ೧೯೭೫ರಲ್ಲಿಯೇ. ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಅವರು ಒಂದೇ ಗುರಿಯ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ಕ್ರಮವನ್ನು ಪ್ರಕಟಿಸಿದುದು ಆ ವರ್ಷ. ಇಂದು ಟಿ-ಕಣವನ್ನು ಸಿ.ಡಿ.೩ ಎಂಬ ಗುರುತಿನಿಂದಲೂ, ಬಿ-ಕಣವನ್ನು ಸಿ.ಡಿ.೧೯ ಎಂಬ ಗುರುತಿನಿಂದಲೂ, ಬಣ್ಣಗೂಡಿದ ಪ್ರತಿಕಾಯಗಳ ಸಹಾಯದಿಂದ ಯಂತ್ರವೇ ಕ್ಷಣದಲ್ಲಿ ಸಾವಿರಗಟ್ಟಲೆ ಎಣಿಸುತ್ತದೆ. ಲ್ಯುಕೀಮಿಯದ ಚಿಕಿತ್ಸೆಯಲ್ಲಿ ಔಷಧವನ್ನು ಆರಿಸುವುದು ಈ ಗುರುತುಗಳ ಮೇಲೆ ನಿಂತಿದೆ. ರೋಗಿಯ ಪ್ರಾಣವು ತೂಗುತ್ತಿರುವ ಸ್ಥಳದಲ್ಲಿ ಮೈಯ ಒರಟನ್ನು ನೋಡಿ ಹೆಸರಿಡುವ ಕಾಲವು ಬಾರದೆ ಹೋದುದು ಪುಣ್ಯವೆನ್ನಬೇಕು.

ನಮ್ಮ ಊರಿನಲ್ಲಿಯೇ ಇಂಥ ಕೆಲಸವನ್ನು ಮಾಡಬೇಕೆನ್ನುವವರಿಗೆ ಅನುಕೂಲವಿಲ್ಲದೆ ಇಲ್ಲ. ಜನರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಮಂದಿರದಲ್ಲಿಯೂ ನಿಮ್ಹಾನ್ಸಿನಲ್ಲಿಯೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಗಳಿವೆ. ಆದರೆ ವಿಜಯನಗರದ ಆಸ್ಪತ್ರೆಯೊಂದರಲ್ಲಿ ತೆಗೆದ ರಕ್ತವು ಕಾರ್ಡ್ ರಸ್ತೆಯ ವಾಹನಗಳ ಸಾಲಿನಲ್ಲಿ ನಿಂತು, ಯಶವಂತಪುರವನ್ನು ದಾಟಿ ವಿಜ್ಞಾನ ಮಂದಿರವನ್ನು ಮುಟ್ಟುವ ವೇಳೆಗೆ ಕಣದ ಮೈ ಏನಾಗಿರುವುದೆಂದು ಯೋಚಿಸಬೇಕು. ಬಿಗಿಯುವ ರಸಾಯನವನ್ನು ರೋಗಿಯ ಹಾಸಿಗೆಯ ಬಳಿಯಲ್ಲಿಯೇ ಸೇರಿಸತಕ್ಕದ್ದು. ತೊಳೆಯುವುದು, ಬೇರ್ಪಡಿಸುವುದು ಎಲ್ಲವೂ ಆಮೇಲೆ. ಹೀಗೆ ಮಾಡಲು ಆಗದಿದ್ದ ಪಕ್ಷದಲ್ಲಿ, ಎಷ್ಟು ಹೊತ್ತು ಕಳೆಯಿತೆಂಬುದನ್ನು ಚಿತ್ರದ ಕೆಳಗೆ ಬರೆಯಬೇಕು.

ಚಿತ್ರದ ಕೆಳಗಣ ಬರಹದ ವಿಷಯವಾಗಿ ಇನ್ನೊಂದು ಮಾತು. ರಕ್ತದ ಕಣಗಳ ಅತ್ಯಂತ ಪರಿಚಿತವಾದ ಚಿತ್ರಗಳಲ್ಲೊಂದನ್ನು ೧೯೮೨ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಗಾಗಿ ತೆಗೆದವರು ಬ್ರೂಸ್ ವೆಟ್ಸೆಲ್ ಮತ್ತು ಹ್ಯಾರಿ ಶೇಫರ್. ಈ ವೆಟ್ಸೆಲ್ಲರೇ ೧೯೭೫ರ ಖಂಡನೆಯಲ್ಲಿ ಭಾಗಿಯಾಗಿದ್ದವರು. ಆ ಚಿತ್ರದಲ್ಲಿ ತಟ್ಟೆಯಂಥ ಕೆಂಪುಕಣಗಳ ನಡುವೆ ಲಿಂಫೋಸೈಟುಗಳು ಉಬ್ಬುಬ್ಬಾದ ಮೈಯಿಂದ ಕುಳಿತಿವೆ. ಯಾವುದು ಟಿ, ಯಾವುದು ಬಿ ಎಂದು ಅದರಲ್ಲಿ ಹೇಳಿಲ್ಲ. ನಮ್ಮ ಶಾಲಾಪುಸ್ತಕಗಳಲ್ಲಿ ಈ ಬಗೆಯ ಚಿತ್ರಗಳು ಕೆಂಪು, ಹಳದಿ, ಹಸುರು ಬಣ್ಣಗಳಿಂದ ಶೋಭಿಸುತ್ತವೆ. ಎಲೆಕ್ಟ್ರಾನಿಗೆ ಬಣ್ಣವಿಲ್ಲ, ಬಣ್ಣವೆಲ್ಲ ಆಮೇಲೆ ಹಚ್ಚಿದುದು. ಅದನ್ನು ತಿಳಿಸುವ ಒಂದು ಸಾಲಿಗೆ ಪುಟದಲ್ಲಿ ಸ್ಥಳವಿಲ್ಲವೆಂದು ಯಾವ ಮುದ್ರಕನೂ ಹೇಳಲಾರನು.

ನೆರೆಮನೆಯ ಹುಡುಗನಿಗೆ ಇಷ್ಟನ್ನೂ ಹೇಳಿ ಮುಗಿಸುವ ಹೊತ್ತಿಗೆ ಅವನು ಎರಡು ಲೋಟ ಕಾಫಿಯನ್ನು ಕುಡಿದಿದ್ದನು. ಎಲ್ಲವನ್ನೂ ಕೇಳಿ, ಪರೀಕ್ಷೆಯಲ್ಲಿ ಈ ಭೇದಗಳನ್ನು ಬರೆಯಿರೆಂದರೆ ತಾನೇನು ಬರೆಯಬೇಕೆಂದು ಕೇಳಿದನು. ಇತರ ಸಾಲುಗಳನ್ನು ಬರೆದು ಇದೊಂದನ್ನು ಬಿಟ್ಟುಬಿಡು, ಅರ್ಧ ಅಂಕ ಹೋದರೆ ಹೋಗಲಿ ಎಂದೆನು. ಅವನು ಒಪ್ಪಿದಂತೆ ತೋರಲಿಲ್ಲ.